ಏಳನೇ ಪ್ರಶ್ನೆ

ಸೂಪರಿಂಟೆಂಡೆಂಟ್ ಸಿಬ್ಬಂದಿಯೊಂದಿಗೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆಂದು ಅಳೆಯಲು ಆಸ್ಪತ್ರೆಯಲ್ಲಿ ಫಾರ್ಮು ಹಂಚಿದ್ದರು. ಹತ್ತು ಪ್ರಶ್ನೆ, ಒಂದೊಂದಕ್ಕೂ ಐದು ಅಂಕ, ಹೆಸರು ಬರೆಯುವಂತಿಲ್ಲ. ಮಕ್ಕಳ ವಾರ್ಡಿನ ಹೆಡ್ ನರ್ಸ್ ಒಂಬತ್ತಕ್ಕೆ ಕಣ್ಣುಮುಚ್ಚಿ ಐದು ಕೊಟ್ಟಳು. ಏಳನೆಯದಕ್ಕೆ ಪೆನ್ನು ನಿಂತಿತು. ‘ನಿಮಗೆ ಸಂಬಂಧಪಟ್ಟ ನಿರ್ಧಾರವನ್ನು ಅವರೇ ಬಂದು ತಿಳಿಸುತ್ತಾರೆಯೇ?’

ಮಾತಿನಲ್ಲೇ ಮನೆ ಕಟ್ಟುವವನು ಆ ಸೂಪರಿಂಟೆಂಡೆಂಟ್. ಸೋಮವಾರದ ಮೀಟಿಂಗಿನಲ್ಲಿ ಬಾಯಿ ತೆರೆದರೆ ಕಸ ಗುಡಿಸುವವರೂ ಪೊರಕೆ ಗೋಡೆಗೊರಗಿಸಿ ಕೇಳುತ್ತಿದ್ದರು. ಎರಡು ವರ್ಷದಿಂದ ಅವಳೂ ಕೇಳುತ್ತ ಬಂದಿದ್ದಳು, ಒಗೆದ ಬೆಡ್‌ಶೀಟುಗಳ ಕೋಣೆಯಲ್ಲಿ, ಬೆಚ್ಚಗಿನ ಸೋಪಿನ ವಾಸನೆಯ ನಡುವೆ. “ಏನೇ ಇದ್ರೂ ಮೊದಲು ನಿನಗೆ, ಆಮೇಲೆ ಜಗತ್ತಿಗೆ” ಎನ್ನುತ್ತಿದ್ದ. ಹುಚ್ಚಿ, ನಂಬಿದ್ದಳು.

ನಿನ್ನೆ ಲಿಫ್ಟಿನವನು ಹೇಳಿದ್ದ: “ಸಾಹೇಬ್ರು ಒಂದನೇ ತಾರೀಖು ಬೇರೆ ಆಸ್ಪತ್ರೆಗೆ ಹೋಗ್ತಾರಂತೆ ಸಿಸ್ಟರ್. ಹೆಗಲ ಮೇಲೆ ಕೈಯಿಟ್ಟು ಅವ್ರೇ ಹೇಳಿದ್ರು. ನಿಮಗೆ ಗೊತ್ತಿಲ್ವಾ?”

“ಗೊತ್ತಿಲ್ದೆ ಏನು?” ಎಂದು ನಕ್ಕಿದ್ದಳು.

ಮಧ್ಯಾಹ್ನ ಸೂಪರಿಂಟೆಂಡೆಂಟನೇ ಬಂದು ಅವಳ ಮೇಜಿಗೆ ಮೊಣಕೈಯೂರಿದ. “ಏನ್ ಮೇಡಂ, ನನಗೆಷ್ಟು?”

ಆ ಕಣ್ಣಂಚಿನ ನಗೆ ಈಗಲೂ ಎದೆ ಹಿಂಡಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಒಂಬತ್ತಕ್ಕೆ ಐದೈದು. ಒಂದು ಬಾಕಿ.”

“ಅದಕ್ಕೂ ಹಾಕ್ಬಿಡೇ. ಸ್ಕೋರ್ ಚೆನ್ನಾಗಿದ್ರೆ ಒಳ್ಳೇದು.”

“ಯಾಕೆ, ಎಲ್ಲಿಗಾದ್ರೂ ಹೊರಟಿದೀಯಾ?”

ಹೇಳಿಬಿಡಲಿ ಎಂದು ಕಾದಳು. ಹೋಗ್ತೀನಿ ಅನ್ನಲಿ, ನೀನು ಬೇಡ ಅಂತಲೇ ಅನ್ನಲಿ, ಐದು ಕೊಟ್ಟುಬಿಡುತ್ತೇನೆ ಎಂದುಕೊಂಡಳು.

ಅವನು ಅವಳ ಪೆನ್ನಿನ ಕ್ಯಾಪು ತಿರುಗಿಸುತ್ತ ಅಂದ: “ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ಹಾಗೆ ನಗುತ್ತಲೇ ಹೊರಟುಹೋದ. ಅವಳು ಒಂದು ಎಂದು ಬರೆದು ಡಬ್ಬಿಗೆ ಹಾಕಿದಳು.

ಬೀಳ್ಕೊಡುಗೆಯ ದಿನ ಫಲಿತಾಂಶ ಓದಿದರು. ಏಳನೇ ಪ್ರಶ್ನೆಗೆ ಅರವತ್ಮೂರು ಜನರಲ್ಲಿ ಅರವತ್ತೆರಡು ಮಂದಿ ಐದು ಕೊಟ್ಟಿದ್ದರು, ಒಬ್ಬರು ಮಾತ್ರ ಒಂದು. ಚಪ್ಪಾಳೆಯೋ ಚಪ್ಪಾಳೆ. ಅವಳ ಕೈ ಮೇಲೇಳಲಿಲ್ಲ. ಡ್ರೈವರ್, ಅಡುಗೆಯವರು, ಲಿಫ್ಟಿನವನು, ಎಲ್ಲರ ಬಳಿಗೂ ಹೋಗಿ ಹೇಳಿದ್ದಾನೆ ಹಾಗಾದರೆ.

ಅವನು ಕೇಕಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದ. “ಆ ಒಂದು ಕೊಟ್ಟಿದ್ದು ನೀನಾ?”

“ಹೆಸರು ಬರೆಯೋ ಹಾಗಿರ್ಲಿಲ್ಲ ಸರ್.”

ಸರ್ ಎಂದದ್ದಕ್ಕೆ ಅವನ ಮುಖ ಬಾಡಿತು. “ಉಳಿದವರಿಗೆಲ್ಲ ಹೇಳ್ದೆ ಕಣೇ. ನಿನ್ನೆದುರಿಗೆ ಬಾಯೇ ಬರ್ಲಿಲ್ಲ.”

ಎರಡು ವರ್ಷದಲ್ಲಿ ಅವನಾಡಿದ ಮೊದಲ ನಿಜ ಅದೇ ಇರಬೇಕು. ಅವಳಿಗೆ ಅಳು ಉಕ್ಕಿತು, ಪ್ರೀತಿಯೂ. ಆದರೂ ಈಗ ಫಾರ್ಮು ಮತ್ತೆ ಕೈಗೆ ಕೊಟ್ಟರೂ ಆ ಒಂದನ್ನು ಅವಳು ಎರಡು ಮಾಡುತ್ತಿರಲಿಲ್ಲ.