ಎಡಗೈಯ ಗ್ಲೌಸ್

ಆವತ್ತು ಎಡಗೈಗೆ ಗ್ಲೌಸ್ ಹಾಕಿದ್ದೆನಾ... ಇಲ್ಲವಾ?

ಡೈರಿಯಲ್ಲಿ ಅವಳು ಇದೊಂದೇ ಸಾಲು ಬರೆದು ಮುಚ್ಚಿಟ್ಟಳು. ಉತ್ತರ ಗೊತ್ತಿತ್ತು. ಬರೆಯುವ ಧೈರ್ಯವಿರಲಿಲ್ಲ.

ಲ್ಯಾಬಿನ ಫ್ರೀಜರ್ ಗುಂಯ್‌ಗುಡುತ್ತಿತ್ತು. ಮೇಡಂ, ಆರ್‌ಎನ್‌ಎ ತುಂಡುಗಳು ಗೆರೆಗಳಾಗಿ ಕಾಣುವ ಜೆಲ್‌ನ ಫೋಟೋವನ್ನು ಮೇಜಿನ ಮೇಲೆ ಎಸೆದರು.

"ಈ ಟ್ಯೂಬಿಗೆ ಕತ್ತರಿಸೋ ಪ್ರೋಟೀನೇ ಹಾಕಿಲ್ಲ. ಆದ್ರೂ ಆರ್‌ಎನ್‌ಎ ತುಂಡಾಗಿದೆ! ಕತ್ತರಿಸೋ ಎಂಜೈಮ್ ಎಲ್ಲಿಂದ ಬಂತು? ಯಾರದೋ ಬರಿಗೈಯಿಂದ! ಎರಡು ವರ್ಷದ ಕೆಲಸ ಮಣ್ಣುಪಾಲು. ಯಾರದು?"

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಹೇಳು... ಈಗಲೇ ಹೇಳು...

"ನಾನು, ಮೇಡಂ."

ದನಿ ಅವಳದಲ್ಲ! ಪಕ್ಕದ ಮೇಜಿನ ಸೀನಿಯರ್‌ದು. ಒಂದು ನಿಮಿಷವೂ ತಪ್ಪದ ಅವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು.

"ಸಂಜೆಯೊಳಗೆ ಮೇಜು ಖಾಲಿ ಮಾಡು."

ಮೇಡಂ ತಮ್ಮ ಕೋಣೆಗೆ ಹೋದರು. ಬಾಗಿಲು ದಡಾರನೆ ಮುಚ್ಚಿತು.

"ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮ ಮುಖ ನೋಡಿದೆ. ಅದ್ರಲ್ಲಿ ಜೀವಾನೇ ಇರಲಿಲ್ಲ." ಅವನು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬತೊಡಗಿದ. "ಗಡಿಯಾರಕ್ಕೇನು ಬಿಡಿ, ಯಾವ ಗೋಡೆ ಆದ್ರೂ ನಡೆಯುತ್ತೆ."

ಕನಿಕರ! ಬರೀ ಕನಿಕರ...

ಕಣ್ಣೀರು ಮರೆಸಲೆಂದು ಫೋಟೋ ಎತ್ತಿಕೊಂಡವಳು ಅದನ್ನು ಬೆಳಕಿಗೆ ಹಿಡಿದಳು.

ಬೆರಳಿನ ಎಂಜೈಮ್ ಆರ್‌ಎನ್‌ಎಯನ್ನು ಸಿಕ್ಕಸಿಕ್ಕಲ್ಲಿ ಕಚ್ಚಿ ಪುಡಿ ಮಾಡುತ್ತದೆ. ಹಾಗಾಗಿದ್ದರೆ ಚೆಲ್ಲಿದ ಶಾಯಿಯಂಥ ಕಲೆ ಕಾಣಬೇಕಿತ್ತು. ಇಲ್ಲಿರುವುದು ಎರಡೇ ಗೆರೆ, ಚೊಕ್ಕವಾಗಿ. ಎಲ್ಲ ಎಳೆಗಳೂ ಒಂದೇ ಜಾಗದಲ್ಲಿ ತುಂಡಾಗಿದ್ದವು!

ತನ್ನೊಳಗೇ ಮಡಚಿಕೊಂಡು, ತಾನೇ ಎಂಜೈಮ್ ಆಗಿ, ತನ್ನನ್ನೇ ಕತ್ತರಿಸಿಕೊಳ್ಳುವ ಆರ್‌ಎನ್‌ಎಗಳಿವೆ ಎಂದು ಓದಿದ್ದಳು. ಎರಡು ವರ್ಷ ಕೈಯಲ್ಲಿ ಹಿಡಿದು ಓಡಾಡಿದ್ದೂ ಅಂಥದ್ದೇ? ಯಾರೂ ಮುಟ್ಟದೆ, ಒಳಗೊಳಗೇ...

ಓಡಿದಳು.

"ಮೇಡಂ! ಟ್ಯೂಬಿನ ಮುಚ್ಚಳ ಮುಟ್ಟಿದ ಬರಿಗೈ ನನ್ನದು. ಅವರದಲ್ಲ. ಆದ್ರೆ ಕತ್ತರಿಸಿದ್ದು ನನ್ನ ಬೆರಳೂ ಅಲ್ಲ... ಆರ್‌ಎನ್‌ಎ ತಾನೇ ಕತ್ತರಿಸಿಕೊಂಡಿದೆ. ಗೆರೆ ನೋಡಿ!"

ಮೇಡಂ ಬಹಳ ಹೊತ್ತು ನೋಡಿದರು. ನಗಲಿಲ್ಲ.

"ನಾಳೆ ಹೊಸ ಆರ್‌ಎನ್‌ಎ, ಹೊಸ ಟ್ಯೂಬು. ಇದೇ ಎರಡು ಗೆರೆ ಮತ್ತೆ ಬರದಿದ್ರೆ, ಇಬ್ಬರೂ ಹೊರಗೆ."

ಹಿಂತಿರುಗಿದಾಗ ಅವನು ಪೆಟ್ಟಿಗೆ ಕಟ್ಟದೆ ನಿಂತಿದ್ದ.

"ಎಲ್ಲಾ ಕೇಳಿಸ್ತು. ನಾಳೆ ಏನಾಗುತ್ತೋ... ಅಲ್ಲಾ, ಇಷ್ಟು ಜಾಗ್ರತೆ ಇರೋರು, ಗ್ಲೌಸ್ ಯಾಕ್ರೀ ತೆಗೆದ್ರಿ?"

ಅವಳು ತನ್ನ ಎಡಗೈಯನ್ನೇ ನೋಡಿದಳು.

"ಆವತ್ತು ನೀವು ಪೆನ್ ಚಾಚಿದ್ರಲ್ಲ, ಬರಿಗೈಯಲ್ಲಿ... ನಿಮ್ಮ ಬೆರಳು ತಾಗಲಿ ಅಂತ."