ಕೆಂಚಯ್ಯನ ಪಾಲಿನ ಬ್ರಾಂದಿ

ಆ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಹಾರನಹಳ್ಳಿಯ ಮೇಲೆ ಮೋಡ ಕವುಚಿಕೊಂಡಿತ್ತು. ಮಳೆಯಿಲ್ಲ, ಗಾಳಿಯಿಲ್ಲ. ಒಲೆಯ ಹೊಗೆ ಕೂಡ ಮೇಲೇರಲಾರದೆ ಅಂಗಳದಲ್ಲೇ ಮಲಗಿತ್ತು.

ನಡುಮನೆಯಲ್ಲಿ ಹಿರಿಯರಿಗೆ ಎಡೆಯಿಟ್ಟು, ಬಾಗಿಲು ಮುಚ್ಚಿ, ಮನೆಮಂದಿ ಜಗಲಿಗೆ ಬಂದರು. ಸತ್ತವರು ಉಂಡು ಏಳುವವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ. ಬಾಳೆಲೆಯ ಪಕ್ಕದಲ್ಲಿ ಫ್ರಾನ್ಸಿನ ಬ್ರಾಂದಿಯ ಬಾಟಲಿಯಿತ್ತು. ಕಾಫಿ ತೋಟದ ದೊರೆ ಊರು ಬಿಡುವಾಗ ತನ್ನ ಬಟ್ಲರ್ ಕೆಂಚಯ್ಯನಿಗೆ ಕೊಟ್ಟದ್ದು. ಕೆಂಚಯ್ಯ ಮಾಟ ಬಲ್ಲವನು. ಸಾಯುವ ಮುಂಚೆ ಬಾಟಲಿಯ ಕತ್ತಿಗೆ ಕಪ್ಪುದಾರ ಬಿಗಿದು, ಇದನ್ನು ಮುಟ್ಟಿದ ನಾಲಿಗೆ ನನ್ನದು ಎಂದು ಕಟ್ಟು ಹಾಕಿದ್ದನಂತೆ. ವರ್ಷಕ್ಕೊಂದು ಚಮಚ ಅವನ ಎಡೆಗೆ, ಆಮೇಲೆ ಅದು ತೆಂಗಿನ ಬುಡಕ್ಕೆ.

ಕೆಂಚಯ್ಯನ ಮೊಮ್ಮಗಳು ಚಿತ್ರಾಳ ಗಂಡ ಧರ್ಮೇಶನಿಗೆ ನಗು ಬಂತು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಮದ್ಯದ ರುಚಿ ನೋಡಿ ಆರಿಸುವ ಕೆಲಸ ಅವನಿಗೆ ನಾಳೆಯಿಂದ ಶುರು. ಮೂಗು, ನಾಲಿಗೆಯೇ ಅವನ ಅನ್ನ. ಇಂಥ ಬಾಟಲಿಯನ್ನು ಅವನು ಚಿತ್ರದಲ್ಲಷ್ಟೇ ಕಂಡಿದ್ದ.

"ಒಳಕ್ ಹೋಗ್‌ಬ್ಯಾಡಿ ಅಳಿಯಂದ್ರೇ. ಅವ್ರು ಉಣ್ತಾವ್ರೆ," ಎಂದಳು ಕೆಂಚಯ್ಯನ ಹೆಂಡತಿ ಗಿಡ್ಡಮ್ಮ.

"ತಾತ ಒಬ್ರೇ ಕುಡಿದ್ರೆ ತಲೆಗೇರುತ್ತೆ ಅಜ್ಜಿ. ಜೊತೆ ಕೊಟ್ಟು ಬರ್ತೀನಿ."

ಹಿತ್ತಿಲ ಬಾಗಿಲಿಂದ ನುಸುಳಿದ.

ಒಳಗೆ ಕತ್ತಲು. ಸಾಂಬ್ರಾಣಿಯ ಜೊತೆ ಬಾಡಿನ ಸಾರಿನ ವಾಸನೆ. ಎಡೆಯ ಗಾಜಿನ ಲೋಟಕ್ಕೆ ಎರಡು ಬೆರಳಿನಷ್ಟು ಸುರಿದು, ಅಂಗೈಯ ಬಿಸಿಯಲ್ಲಿ ಮೆಲ್ಲಗೆ ತಿರುಗಿಸಿ, ಮೂಗಿನ ಹತ್ತಿರ ತಂದ. ಮೊದಲು ಒಣದ್ರಾಕ್ಷಿ. ಆಮೇಲೆ, ಮುಚ್ಚಿಟ್ಟ ಹಳೆಯ ಪೆಟ್ಟಿಗೆ ತೆರೆದಂತೆ, ಓಕ್ ಮರದ ಪೀಪಾಯಿ. ಅದರ ಹಿಂದೆ ಕೊಬ್ಬರಿ, ಕಾಸಿದ ಬೆಲ್ಲ, ಎಲ್ಲೋ ಒಂದೆಳೆ ಹೊಗೆಸೊಪ್ಪು. ನಲವತ್ತು ವರ್ಷ ಪೀಪಾಯಿಯ ಕತ್ತಲಲ್ಲಿ ಸುಮ್ಮನೆ ಕೂತದ್ದಕ್ಕೆ ಮಾತ್ರ ಬರುವ ಶಾಂತಿ ಅದರಲ್ಲಿತ್ತು. ಒಂದು ಗುಟುಕು ನಾಲಿಗೆಯ ಮೇಲೆ ನಿಲ್ಲಿಸಿದ. ಅವನ ಕಣ್ಣು ತಾನಾಗಿ ಮುಚ್ಚಿತು.

ಎರಡನೆಯ ಗುಟುಕು. ಏನೂ ಇಲ್ಲ. ನೀರಿನ ರುಚಿಯೂ ಇಲ್ಲ. ಮೂಸಿದ. ಸಾಂಬ್ರಾಣಿಯೂ ಇಲ್ಲ. ಹತ್ತಿರದಲ್ಲಿ ಯಾರೋ ತುಟಿ ಚಪ್ಪರಿಸಿದರು. ತಿರುಗಿದ. ಯಾರೂ ಇಲ್ಲ. ಚಪ್ಪರಿಸಿದ್ದು ಅವನದೇ ಬಾಯಿ. ಲೋಟ ಇಡಲು ಹೋದ. ಕೈ ಮಾತು ಕೇಳಲಿಲ್ಲ. ಗಂಟಲು ನುಂಗಿತು. ಮತ್ತೆ ನುಂಗಿತು. ಕೂಗಲು ಬಾಯಿ ತೆರೆದ. ಮುದುಕನ ದನಿ ಬಂತು.

"ಇನ್ನೊಂದೀಟು ಹುಯ್ಯಿ ಗಿಡ್ಡೀ."

ಇಪ್ಪತ್ತು ವರ್ಷದ ಮೇಲೆ ಗಂಡನ ದನಿ ಕೇಳಿದ ಗಿಡ್ಡಮ್ಮ ಬಾಗಿಲು ತಳ್ಳಿ ಒಳಗೆ ಬಂದಳು. ಕಿರುಚಲಿಲ್ಲ, ಅಳಲಿಲ್ಲ. ಅಳಿಯನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಉಳಿದಿರೋದ್ನೆಲ್ಲ ಅವ್ರಿಗೆ ಕೊಟ್ಬುಡಿ. ಮೈ ಬಿಡ್ತಾರೆ."

ಅವನ ಕಣ್ಣಲ್ಲಿದ್ದ ಪ್ರಶ್ನೆ ಅವಳಿಗೆ ತಿಳಿಯಿತು.

"ನಾಲ್ಗೆ ಬಿಡಾಕಿಲ್ಲ ಕಣಪ್ಪ," ಎಂದಳು.

ಅವಳ ಹಿಡಿತದಲ್ಲಿ ಕೈ ಮತ್ತೆ ಅವನ ಮಾತು ಕೇಳಿತು. ಧರ್ಮೇಶ ಬಾಟಲಿಯ ತಳದಲ್ಲಿ ಉಳಿದದ್ದನ್ನೆಲ್ಲ ಬಗ್ಗಿಸಿದ. ಜೇನುಬಣ್ಣ ಲೋಟದ ಅಂಚಿನವರೆಗೆ ಏರಿತು. ಯಾವ ಪರಿಮಳವೂ ಏಳಲಿಲ್ಲ. ನಾಳೆಯ ಕೆಲಸ ನೆನಪಾಯಿತು, ಕಣ್ಣು ತುಂಬಿತು. ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಮಂಡಿಯೂರಿ, ಕೆಂಚಯ್ಯನ ಎಲೆಯ ಬಲಕ್ಕೆ ಸದ್ದಾಗದಂತೆ ಇಟ್ಟ.