ಬ್ರೇಕ್ ದೀಪ ಹತ್ತಿದೆಯಾ?

ಮೇವಿಸ್ ನನ್ನ ಜೊತೆ ಆಡಿದ ಮೊದಲ ಮಾತು, "ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ತಪ್ಪು ನನ್ನದೇ. ಮಾರ್ಚ್ ತಿಂಗಳ ಬೆಳಿಗ್ಗೆ. ಕಾಫಿ ಲೋಟ ಹಿಡಿದು ನನ್ನ ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಎದುರಿನ ಜಾಗದಲ್ಲಿ ಹಿಂದಿನ ಸಂಜೆ ತಾನೇ ಬಂದು ನಿಂತಿದ್ದ ಹಳೇ ಮನೆಗಾಡಿ, ಮೈಮೇಲೆ ಕಂದು ಪಟ್ಟೆ. ಅದರ ಒಡತಿ ಡ್ರೈವರ್ ಬಾಗಿಲು ತೆಗೆದು ಪೊರಕೆ ಹಿಡಿದು ಒಳಗೆ ಬಗ್ಗಿದಳು. ಗುಡಿಸುತ್ತಾಳೇನೋ ಅಂದುಕೊಂಡೆ. ಪೊರಕೆಯ ಕೋಲನ್ನು ಬ್ರೇಕಿಗೂ ಸೀಟಿಗೂ ನಡುವೆ ಸಿಕ್ಕಿಸಿ, ಸರಸರ ಗಾಡಿಯ ಹಿಂದಕ್ಕೆ ನಡೆದಳು. ಅವಳು ಹಿಂದೆ ತಲುಪುವಷ್ಟರಲ್ಲಿ ಕೋಲು ಜಾರಿತು, ಹಿಂದಿನ ಬ್ರೇಕ್ ದೀಪ ಆರಿತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಮೂರನೇ ಸಲಕ್ಕೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಎಡಗಡೇದು ಹತ್ತಲ್ಲ! ಬಲ್ಬ್ ಹೋಗಿದೆ!"

ಆಗ ತಿರುಗಿ ಆ ಮಾತು ಅಂದಳು. ಅರವತ್ತು ದಾಟಿದ ಹೆಂಗಸು. ಬೂದು ಜಡೆ, ಗಂಡಸರ ಚೌಕಳಿ ಅಂಗಿ, ಅಳತೆ ತೆಗೆಯುವ ಕಣ್ಣು.

"ಯಾರೂ ಕೇಳಿಲ್ಲ," ಅಂದೆ. "ಆದ್ರೂ ಎಡಗಡೇದು ಹತ್ತಲ್ಲ."

"ಆರು ವರ್ಷದಿಂದ ಈ ಪೊರಕೆ ಜೊತೆ ಸಂಸಾರ ಮಾಡ್ತಿದ್ದೀನಿ. ಒಂದು ದಿನ ನನಗೆ ಬುದ್ಧಿ ಹೇಳಿಲ್ಲ."

ಹತ್ತು ನಿಮಿಷದ ಮೇಲೆ ಬಂದು ನನ್ನ ಹತ್ತಿರವೇ ಬಲ್ಬ್ ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಕಾಫಿ ಪಾತ್ರೆ ನೋಡುತ್ತಿದ್ದಳು. ಬಲ್ಬ್ ನಾನೇ ಹಾಕಿಕೊಟ್ಟೆ, ಕಾಫಿಯನ್ನೂ ಕೊಟ್ಟೆ.

ಒಂಟಿಯಾಗಿ ಮನೆಗಾಡಿಯಲ್ಲಿ ಬದುಕುವವರ ದೊಡ್ಡ ಕಷ್ಟ ನೀರಿನದ್ದಲ್ಲ, ಒಲೆಯದ್ದೂ ಅಲ್ಲ. ಬ್ರೇಕ್ ತುಳಿಯಲು ಒಬ್ಬರು ಮುಂದಿರಬೇಕು, ದೀಪ ನೋಡಲು ಒಬ್ಬರು ಹಿಂದಿರಬೇಕು. ಇರುವುದು ಒಬ್ಬರೇ. ನನ್ನ ಹೆಂಡತಿ ಕಾರಿನ್ ಇದ್ದಾಗ ಅವಳು ಹಿಂದೆ ನಿಂತು ಕೂಗುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಅಂಗಡಿಗಳ ಗಾಜಿಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನನ್ನ ದೀಪವನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ನಾನು ಓರಿನ್. ನಾರ್ತ್ ಡಕೋಟದಲ್ಲಿ ಮೂವತ್ತು ವರ್ಷ ಗೋಧಿ ಲಾರಿ ಓಡಿಸಿದವನು. ಯೂಟಾದ ಈ ಕೆಂಪು ಕಣಿವೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಯಾರ ಕಾರನ್ನೂ ಬಿಡುವುದಿಲ್ಲ. ನೋಡಲು ಬಂದವರೆಲ್ಲ ಪಾರ್ಕಿನ ಬಸ್ಸು ಹತ್ತಬೇಕು. ಆ ಬಸ್ಸು ಓಡಿಸುವವರು ನಮ್ಮಂಥವರೇ, ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರು.

ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಅಕ್ಕಪಕ್ಕದ ಡ್ರೈವರುಗಳು ಜೋಡಿಯಾಗಿ ದೀಪ ನೋಡಬೇಕು ಅನ್ನುವುದು ಡಿಪೋದ ನಿಯಮ. ನನ್ನದು ಹನ್ನೊಂದನೇ ಬಸ್ಸು, ಮೇವಿಸ್‌ದು ಹನ್ನೆರಡು. ಮೊದಲ ದಿನವೇ ಬೆರಳೆತ್ತಿ ಹೇಳಿದಳು.

"ಕಣ್ಣಾರೆ ಕಾಣದೆ 'ಹತ್ತಿದೆ' ಅನ್ನಬೇಡಿ. ಆ ಒಂದು ಮಾತು ನಂಬಿ ನಾನು ಐವತ್ತು ಜನಾನ ಕೂರಿಸ್ಕೊಂಡು ಹೋಗ್ತೀನಿ. ದೋಷ ಇರೋ ಗಾಡಿ ಒಂದಡಿ ಕದಲಬಾರದು."

ಬರೀ ಮಾತಲ್ಲ. ನಮ್ಮ ಜೊತೆ ಕ್ಲೈಡ್ ಅಂತ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದ. ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತಲ್ಲೇ ಡೋನಟ್ ತಿನ್ನುತ್ತಾ ಬಸ್ಸು ತಪಾಸಣೆಯ ಇಡೀ ಹಾಳೆಗೆ ಸರಿ ಗುರುತು ಹಾಕುತ್ತಿದ್ದ. ಮೇವಿಸ್ ಅವನ ಎದುರು ಹೋಗಿ ನಿಂತಳು.

"ಕ್ಲೈಡ್, ನಿಮ್ಮ ಕ್ಲಾಸಿನ ಮಕ್ಕಳು ಹೀಗೆ ಬರೆದಿದ್ರೆ ಏನ್ ಮಾಡ್ತಿದ್ರಿ?"

ಕ್ಲೈಡ್ ಡೋನಟ್ ಕೆಳಗಿಟ್ಟು, ಎದ್ದು, ತನ್ನ ಬಸ್ಸಿಗೆ ಎರಡು ಪ್ರದಕ್ಷಿಣೆ ಹಾಕಿದ. ನನಗೆ ಆವತ್ತೇ ಅವಳ ಮೇಲೆ ಮನಸ್ಸಾಯಿತು. ಒಪ್ಪಿಕೊಳ್ಳಲು ಎಂಟು ತಿಂಗಳು ಹಿಡಿಯಿತು ಅಷ್ಟೇ.

ಅವಳು ಬಸ್ಸು ಓಡಿಸುವುದನ್ನು ನೀವು ನೋಡಬೇಕಿತ್ತು. ವಿಸ್ಕಾನ್ಸಿನ್‌ನಲ್ಲಿ ಇಪ್ಪತ್ತೇಳು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ ಕೈ. ಟ್ಯಾಂಕರ್ ಅರ್ಧ ತುಂಬಿದ್ದರೆ ಒಳಗೆ ಹಾಲು ತುಯ್ದಾಡಿ ಗಾಡಿಯನ್ನೇ ಎಳೆಯುತ್ತದಂತೆ, ಅದಕ್ಕೇ ತಿರುವಿನಲ್ಲಿ ಹಾಲನ್ನು ಎಬ್ಬಿಸದೆ ಹೋಗುವುದು ಕಲಿತಳಂತೆ. ನದಿ ಪಕ್ಕದ ಆ ಇಕ್ಕಟ್ಟು ತಿರುವಿನಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದರೆ, ಅವಳ ಬಸ್ಸಿನಲ್ಲಿ ಮಲಗಿದ ಮಗು ಮಲಗಿಯೇ ಇರುತ್ತಿತ್ತು.

ಯಾರಾದರೂ ಏದುಸಿರು ಬಿಟ್ಟು ಓಡಿ ಬಂದರೆ ಬಾಗಿಲು ಹಿಡಿದು ಹೇಳುತ್ತಿದ್ದಳು, "ನಿಧಾನ ಬನ್ನಿ. ಈ ಬಂಡೆ ನಿಮಗೋಸ್ಕರ ಕಾದಿದೆ, ನಾನು ಕಾಯಲ್ವಾ?"

ನಮ್ಮ ಬಸ್ಸುಗಳು ದಿನಕ್ಕೆ ಏಳು ಸಲ ಮೂರನೇ ಸ್ಟಾಪಿನ ಹತ್ತಿರ ಎದುರುಬದುರಾಗುತ್ತಿದ್ದವು. ಎದುರು ಬಂದ ಡ್ರೈವರಿಗೆ ಸ್ಟೀರಿಂಗ್ ಮೇಲಿನಿಂದ ಎರಡು ಬೆರಳು ಎತ್ತುವುದು ನಮ್ಮಲ್ಲಿ ಪದ್ಧತಿ. ಏಪ್ರಿಲ್‌ನಲ್ಲಿ ಅವಳೂ ಎಲ್ಲರಿಗೆ ಎತ್ತುವ ಹಾಗೆ ನನಗೂ ಎರಡೇ ಎತ್ತುತ್ತಿದ್ದಳು. ಮೇ ತಿಂಗಳ ಕೊನೆಗೆ ಒಂದು ದಿನ ಮೂರು ಎತ್ತಿದಳು. ಸ್ಟೀರಿಂಗ್ ಹಿಡಿದು ಕೈ ಮರಗಟ್ಟಿರಬೇಕು ಅಂದುಕೊಂಡೆ. ಮಾರನೇ ದಿನ ಧೈರ್ಯ ಮಾಡಿ ನಾನು ನಾಲ್ಕು ಎತ್ತಿದೆ. ಅವಳು ತುಟಿಯ ಒಂದೇ ಮೂಲೆಯಲ್ಲಿ ನಕ್ಕು ಕಣ್ಣನ್ನು ತಕ್ಷಣ ರಸ್ತೆಗೆ ತಿರುಗಿಸಿದ್ದು ಎರಡು ಗಾಜಿನ ಆಚೆಯಿಂದಲೂ ಕಂಡಿತು. ಆಗಸ್ಟ್ ಹೊತ್ತಿಗೆ ಇಡೀ ಅಂಗೈ. ಮೂರನೇ ಸ್ಟಾಪ್ ಬರುವ ಮುಂಚೆ ನಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಇರುವುದೇ ನಾಲ್ಕು ಕೂದಲು.

ರಜೆಯ ದಿನ ಕಾವಲಿಯ ಮೇಲೆ ನಮ್ಮ ಊರಿನ ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದೆ. ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಟ್ಟರೆ ಅವಳು ನಿಂತೇ ನಾಲ್ಕು ತಿನ್ನುತ್ತಿದ್ದಳು.

ಅಕ್ಟೋಬರ್ ಬಂದರೆ ನಮ್ಮ ಮಂದಿಯ ಬಾಯಲ್ಲಿ ಒಂದೇ ಪ್ರಶ್ನೆ. ಅವಳೂ ಕೇಳಿದಳು.

"ಚಳಿಗಾಲಕ್ಕೆ ಎಲ್ಲಿ?"

"ಅರಿಜೋನ ಮರುಭೂಮಿ. ನೀವು?"

"ಕೊಲೊರಾಡೊ. ಸ್ಕೀ ಊರಿನ ಬಸ್ಸು."

"ಹಿಮದಲ್ಲಾ? ಅಯ್ಯೋ! ಅರವತ್ತು ವರ್ಷ ಹಿಮ ಬಾಚಿದ್ದೀನಿ. ಹಿಮ ಕಂಡ್ರೆ ನನಗೆ ಮೈ ಉರಿಯತ್ತೆ."

"ಹಿಮಕ್ಕೆ ಮೈ ಉರಿಯೋದು ಪ್ರಪಂಚದಲ್ಲಿ ನಿಮಗೊಬ್ಬರಿಗೇ ಇರಬೇಕು." ಕಾವಲಿಯನ್ನೇ ನೋಡುತ್ತಾ ಸೇರಿಸಿದಳು, "ಅಲ್ಲಿ ಇನ್ನೂ ಇಬ್ಬರು ಡ್ರೈವರ್ ಕಮ್ಮಿ ಇದ್ದಾರಂತೆ."

ನಾನು ಏನಂದೆ ಗೊತ್ತಾ? "ಹೌದಾ," ಅಂದೆ. ಅಂದು, ರೊಟ್ಟಿ ಮಗುಚಿ ಹಾಕಿದೆ. ಕೋಣನಿಗಾದರೂ ಇದಕ್ಕಿಂತ ಬುದ್ಧಿ ಇರುತ್ತದೆ.

ಮಾರನೇ ದಿನ ಮೂರನೇ ಸ್ಟಾಪಿನ ಹತ್ತಿರ ಎರಡೇ ಬೆರಳು.

ಆಮೇಲೆ ಎಷ್ಟೋ ಸಲ ಬಾಯಿ ತೆರೆದೆ. ಕಾರಿನ್ ಏನಂದುಕೊಳ್ಳುತ್ತಾಳೋ ಅನ್ನುವ ಅಳುಕು, ಅರವತ್ತನಾಲ್ಕರಲ್ಲಿ ಇದೇನು ಹುಚ್ಚು ಅನ್ನುವ ನಾಚಿಕೆ. ಬರೀ ಗಂಟಲು ಸರಿಮಾಡಿಕೊಂಡು ಬಾಯಿ ಮುಚ್ಚುತ್ತಿದ್ದೆ. ಮುಂದಿನ ಮಾರ್ಚಿಗೆ ಹೇಗೂ ಇಲ್ಲೇ ಸಿಗುತ್ತಾಳಲ್ಲ ಅಂತ ಸಮಾಧಾನ ಮಾಡಿಕೊಂಡೆ. ಅದನ್ನೂ ಅವಳು ಉಳಿಸಲಿಲ್ಲ.

"ಒಂದೇ ಜಾಗಕ್ಕೆ ನಾನು ಎರಡು ಸಲ ಹೋಗಲ್ಲ," ಅಂದಳು ಒಂದು ಬೆಳಿಗ್ಗೆ, ಟಯರ್ ತಟ್ಟಿ ನೋಡುತ್ತಾ. "ನಮ್ಮದು ವಯಸ್ಸಾದ ಮಂದಿ. ಎರಡನೇ ಸಲ ಹೋದಾಗ ಯಾರೋ ಒಬ್ಬರು ಇರಲ್ಲ. ಆ ಖಾಲಿ ಜಾಗ ನೋಡೋಕೆ ನನ್ನ ಕೈಲಿ ಆಗಲ್ಲ."

ಅಂದರೆ ಈ ನವೆಂಬರ್ ದಾಟಿದರೆ ಅವಳು ನನಗಿಲ್ಲ. ಅಷ್ಟು ಸ್ಪಷ್ಟ.

ಕೊನೆಯ ಸಂಜೆ ಎಲ್ಲರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಉಂಡೆವು. ನಮ್ಮ ಮಂದಿ ಬೀಳ್ಕೊಡುವಾಗ 'ಹೋಗ್ತೀನಿ' ಅನ್ನುವುದಿಲ್ಲ, 'ದಾರೀಲಿ ಸಿಗೋಣ' ಅನ್ನುತ್ತಾರೆ. ಮೇವಿಸ್ ಎಲ್ಲರಿಗೂ ಅಂದಳು. ಕ್ಲೈಡ್‌ಗೆ ಅಂದಳು, ಅದೇ ದನಿಯಲ್ಲಿ ನನಗೂ ಅಂದಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತೇನೆ ಅಂದಿದ್ದಳು. ಎಂಟಕ್ಕೆ ಹೋಗಿ ಮಾತಾಡಲೇಬೇಕು ಅಂತ ಶಪಥ ಮಾಡಿ ಮಲಗಿದೆ.

ಆರೂವರೆಗೆ ಅವಳ ಎಂಜಿನ್ ಶಬ್ದಕ್ಕೆ ಎಚ್ಚರವಾಯಿತು.

ಬಿಳೀ ಬನಿಯನ್, ಕಾಲಿಗೆ ಸಾಕ್ಸ್ ಮಾತ್ರ, ಹಾಗೇ ಓಡಿದೆ. ಬೆಳಕು ಆಗತಾನೇ ಬಂಡೆಗಳ ತುದಿ ಮುಟ್ಟುತ್ತಿತ್ತು. ಅವಳು ಡ್ರೈವರ್ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಪೊರಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ.

"ನಿಮ್ಮನ್ನ ಎಬ್ಬಿಸೋದು ಬೇಡ ಅಂತ..."

"ಪೊರಕೆ ಒಳಗಿಡಿ," ಅಂದೆ. "ನಾನಿದ್ದೀನಲ್ಲ."

ಅವಳು ಹತ್ತಿ ಕೂತಳು. ನಾನು ಹಿಂದೆ ಹೋಗಿ ನಿಂತೆ.

"ಎಡ ಸಿಗ್ನಲ್?"

"ಹತ್ತಿದೆ."

"ಬಲ?"

"ಹತ್ತಿದೆ."

"ಬ್ರೇಕ್?"

ಎರಡೂ ದೀಪ ಕೆಂಡದ ಹಾಗೆ ಉರಿಯುತ್ತಿದ್ದವು. ಎಡಗಡೆಯ ಬಲ್ಬ್ ನಾನೇ ಹಾಕಿದ್ದು. ಆ ಬೆಳಕನ್ನು ನೋಡುತ್ತಾ ನಿಂತೆ. ನಾನು ಒಂದು ಮಾತು ಅಂದರೆ ಅವಳು ಹೊರಡುತ್ತಾಳೆ.

"ಹತ್ತಿಲ್ಲ," ಅಂದೆ.

"ಎಡಗಡೇದಾ?"

"ಎರಡೂ."

ಎಂಜಿನ್ ಗುರುಗುಡುತ್ತಿತ್ತು. ಅವಳ ಕಣ್ಣು ಪಕ್ಕದ ಕನ್ನಡಿಯಲ್ಲಿ ನನ್ನ ಕಣ್ಣಿಗೆ ಸಿಕ್ಕಿತು.

"ಓರಿನ್, ನಿಮ್ಮ ಬನಿಯನ್ ಬಿಳೀದಲ್ವಾ?"

"ಹೂಂ."

"ನನಗೆ ಕೆಂಪಗೆ ಕಾಣ್ತಿದೆ."

ಕೆಳಗೆ ನೋಡಿಕೊಂಡೆ. ಎದೆಯಿಂದ ಹೊಟ್ಟೆಯವರೆಗೆ ಅವಳ ಬ್ರೇಕ್ ದೀಪದ ಕೆಂಪು.

"ಎಂಟು ತಿಂಗಳಲ್ಲಿ ನೀವು ಒಂದು ದಿನ ನನಗೆ ಸುಳ್ಳು ಹೇಳಿಲ್ಲ," ಅಂದಳು.

"ದೋಷ ಇರೋ ಗಾಡಿ ಒಂದಡಿ ಕದಲಬಾರದು ಅಂತ ನೀವೇ ಹೇಳಿದ್ರಿ. ನನಗೆ ಬೇರೆ ಏನೂ ತೋಚಲಿಲ್ಲ."

ಎಂಜಿನ್ ನಿಂತಿತು. ಅವಳು ಇಳಿದು ಬಂದು ನನ್ನ ಎದುರು ನಿಂತಳು. ನಾಲಿಗೆಗೆ ಕೊನೆಗೂ ಜೀವ ಬಂತು.

"ನನಗೆ ನೀವು ಬೇಕು, ಮೇವಿಸ್. ಮೂರನೇ ಸ್ಟಾಪ್ ಇಲ್ಲದ ದಿನ ಹೇಗೆ ಕಳೆಯೋದು ಅಂತ ನನಗೆ ಗೊತ್ತಿಲ್ಲ."

ಅವಳು ನನ್ನ ಸಾಕ್ಸ್ ನೋಡಿದಳು. ಒಂದರಲ್ಲಿ ಹೆಬ್ಬೆರಳು ಹೊರಗಿತ್ತು.

"ಮಂಗಳವಾರ ಅಲ್ಲಿರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಮಾತು ತಪ್ಪಲ್ಲ."

"ತಪ್ಪಬೇಡಿ. ನಾನು ಬರ್ತೀನಿ."

"ಆರಡಿ ಹಿಮ ಬೀಳತ್ತೆ."

"ಬೀಳಲಿ. ಮೈ ಉರೀತಿರತ್ತಲ್ಲ, ಚಳಿ ಆಗಲ್ಲ."

ಆಗ ನಕ್ಕಳು. ಈ ಸಲ ತುಟಿಯ ಎರಡೂ ಮೂಲೆಯಲ್ಲಿ. "ಇಬ್ಬರು ಡ್ರೈವರ್ ಕಮ್ಮಿ ಅಂತ ಅಕ್ಟೋಬರಲ್ಲೇ ಹೇಳಿದ್ದೆ. ಈಗ ಒಬ್ಬರೇ ಕಮ್ಮಿ. ಕ್ಲೈಡ್ ಆವಾಗಲೇ ಹೆಸರು ಕೊಟ್ಟ. ಅವನ ಕಿವಿ ನಿನಗಿಂತ ಚುರುಕು."

'ನಿನಗಿಂತ' ಅಂದಳು. ಅವಳು ಗಮನಿಸಿದಳೋ ಇಲ್ಲವೋ, ನಾನು ಗಮನಿಸಿದೆ. ಕಣ್ಣು ತುಂಬಿಬಂತು.

"ನಿಂತ್ಕೊಂಡು ಅಳ್ತೀಯೋ, ಟ್ರೇಲರ್ ಕಟ್ತೀಯೋ? ಒಂದು ಗಂಟೆ ಕೊಡ್ತೀನಿ. ಮೊದಲು ಬೂಟು ಹಾಕ್ಕೋ."

ನಲವತ್ತು ನಿಮಿಷದಲ್ಲಿ ಟ್ರೇಲರನ್ನು ನನ್ನ ಪಿಕಪ್ ಗಾಡಿಯ ಹಿಂದೆ ಕಟ್ಟಿದೆವು. ನಾನು ಪಿಕಪ್ ಹತ್ತಿ ಬ್ರೇಕ್ ತುಳಿದೆ. "ಎಡ ಹತ್ತಿದೆ! ಬಲ ಹತ್ತಿದೆ! ಬ್ರೇಕ್ ಹತ್ತಿದೆ!" ಅಂತ ಹಿಂದಿನಿಂದ ಅವಳ ದನಿ ಬಂತು. ನಾಲ್ಕು ವರ್ಷದ ಮೇಲೆ ನನ್ನ ಸ್ವಂತ ಗಾಡಿಯ ಹಿಂದೆ ಒಬ್ಬರು ನಿಂತು ಕೂಗಿದ್ದು. ಕಾರಿನ್‌ಗೂ ಕೇಳಿಸಿರಬೇಕು, ಅವಳು ಬೇಸರ ಮಾಡಿಕೊಳ್ಳುವವಳಲ್ಲ.

ಹೊರಡುವ ಮುಂಚೆ ಮೇವಿಸ್ ಒಂದು ವಾಕಿಟಾಕಿ ನನ್ನ ಕೈಗಿಟ್ಟಳು. ಅವಳ ಗಾಡಿ ಮುಂದೆ, ನನ್ನದು ಹಿಂದೆ. ಊರಾಚೆಯ ಅಡ್ಡರಸ್ತೆಯ ಮೊದಲ ಸ್ಟಾಪ್ ಬೋರ್ಡಿಗೆ ಬಂದು ನಿಂತಳು. ಎಡಕ್ಕೂ ಯಾರೂ ಇಲ್ಲ, ಬಲಕ್ಕೂ ಯಾರೂ ಇಲ್ಲ. ಆದರೂ ಹೊರಡಲಿಲ್ಲ. ವಾಕಿಟಾಕಿ ಕರಕರ ಅಂದಿತು.

"ಬ್ರೇಕ್?"

ಎರಡೂ ದೀಪ ನನ್ನ ಮುಂದೆ ಕೆಂಪಗೆ ಉರಿಯುತ್ತಿದ್ದವು.

"ಹತ್ತಿದೆ, ಮೇವಿಸ್," ಅಂದೆ. "ನೀನು ಹೊರಡು. ನಾನು ಹಿಂದೇನೇ ಇದ್ದೀನಿ."